ಅಪ್ಪನಿಗೆ ಹಳೆಯ ಫೋನು ಕೊಟ್ಟು ಬಂದವರಿಗೆ ಒಂದು ಬಹಿರಂಗ ಪತ್ರ

ಊರಲ್ಲಿ ಅಪ್ಪ-ಅಮ್ಮನನ್ನೂ ಅವರ ಕೈಯಲ್ಲೊಂದು ಹಳೆಯ ಸ್ಮಾರ್ಟ್‌ಫೋನನ್ನೂ ಬಿಟ್ಟು ಬೆಂಗಳೂರು, ಪುಣೆ, ದುಬೈ, ಡಲ್ಲಾಸ್ ಎಂದು ಚದುರಿಹೋದ ಮಕ್ಕಳೇ,

ಆ ಫೋನು ಕೈ ಬದಲಾಯಿಸಿದ ದಿನ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಥರ ನಡೆದಿರುತ್ತದೆ. ಮಗ ಹೊಸತು ಕೊಂಡ, ಹಳೆಯದು ದೀಪಾವಳಿಗೆ ಊರಿಗೆ ಬಂತು. ರಾತ್ರಿ ಬಸ್ಸಿಗೆ ಇನ್ನೆರಡು ಗಂಟೆ ಇದೆ ಎನ್ನುವಾಗ ಸೋಫಾದ ಮೇಲೆ ಕೂತು ವಾಟ್ಸ್ಆ್ಯಪ್, ಫೋನ್‌ಪೇ, ಬ್ಯಾಂಕಿನ ಆ್ಯಪ್ ಎಲ್ಲ ಹಾಕಿಕೊಟ್ಟ. ಪಿನ್ ಏನಿಡಲಿ ಎಂದದ್ದಕ್ಕೆ ಅಪ್ಪ, ‘ನಿಂಗೆ ನೆನಪಿರೋದು ಯಾವ್ದಾದ್ರೂ ಇಡೋ’ ಎಂದರು. ಮಗ ತಾನು ಹುಟ್ಟಿದ ಇಸವಿ ಇಟ್ಟ. ಆಮೇಲೆ ಬಾಗಿಲಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತ, ‘ಯಾರು ಕೇಳಿದ್ರೂ ಒಟಿಪಿ ಕೊಡ್ಬೇಡಿ’ ಎಂದ. ಆ ಮನೆಯ ಸೈಬರ್ ಸುರಕ್ಷತೆಯ ಪಾಠ ಅಲ್ಲಿಗೆ ಸಮಾಪ್ತಿ.

ಆಮೇಲೆ ಫೋನಿನೊಳಗೆ ಏನೇನು ಸೇರಿಕೊಂಡಿತು ಎಂಬುದನ್ನು ಮಕ್ಕಳು ನೋಡಿಲ್ಲ. ಪಿಂಚಣಿ ಜಮೆಯಾದ ಮೆಸೇಜು, ಅಮ್ಮನ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ, ಅಡಿಕೆ ಮಾರಿದ ದುಡ್ಡು, ಮೂವತ್ತು ವರ್ಷ ಕಾಸಿಗೆ ಕಾಸು ಸೇರಿಸಿ ಇಟ್ಟ ಎಫ್‌ಡಿ, ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಫೋಟೊ. ಹಿಂದೆ ಇದೆಲ್ಲ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯ ಕೆಳಗೆ ಇರುತ್ತಿತ್ತು. ಬೀಗದ ಕೈ ಅಮ್ಮನ ಸೆರಗಿನ ತುದಿಯಲ್ಲಿ. ಈಗ ಬೀರು ಅಂಗಿಯ ಕಿಸೆಯಲ್ಲಿದೆ. ಅದರ ಬಾಗಿಲು ಬಡಿಯುವವನು ಮ್ಯಾನ್ಮಾರಿನಲ್ಲಿ ಕೂತಿರಬಹುದು.

ಮೊದಲು ಲೆಕ್ಕ ಹೇಳಿಬಿಡುವುದು ಒಳ್ಳೆಯದು. ಸೈಬರ್ ವಂಚನೆಯಲ್ಲಿ ಭಾರತೀಯರು 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ; 2024ರಲ್ಲಿ 22,845 ಕೋಟಿ. ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಅಂಕಿ ಇದು. ಒಂದೇ ವರ್ಷದಲ್ಲಿ ಮೂರು ಪಟ್ಟು. ಮರ್ಯಾದೆಗೆ ಅಂಜಿ ದೂರನ್ನೇ ಕೊಡದವರು ಈ ಲೆಕ್ಕದಲ್ಲಿ ಇಲ್ಲ.

ಇದೆಲ್ಲ ಓದುಬರಹ ಕಡಿಮೆ ಇರುವವರ ತಾಪತ್ರಯ ಎಂದುಕೊಂಡವರಿಗೆ 2025ರ ಆಗಸ್ಟ್-ಸೆಪ್ಟೆಂಬರನ್ನು ನೆನಪಿಸಿದರೆ ಸಾಕು. ಆಗಸ್ಟ್ ಕೊನೆಯಲ್ಲಿ ಕರ್ನಾಟಕದ ಸಂಸದರೊಬ್ಬರ ಪತ್ನಿಗೆ ಮುಂಬೈ ಸೈಬರ್ ಪೊಲೀಸರ ಸೋಗಿನಲ್ಲಿ ಕರೆ ಬಂತು. ಅವರು ಸ್ವತಃ ವೈದ್ಯೆ. 14 ಲಕ್ಷ ಹೋಯಿತು. ಸೆಪ್ಟೆಂಬರ್ ಮೊದಲ ವಾರ ಲೇಖಕಿ, ರಾಜ್ಯಸಭಾ ಸದಸ್ಯೆ ಸುಧಾ ಮೂರ್ತಿಯವರಿಗೇ ಟೆಲಿಕಾಂ ಇಲಾಖೆಯ ಹೆಸರಲ್ಲಿ ಫೋನು. ಅವರು ಬಗ್ಗಲಿಲ್ಲ, ದೂರು ದಾಖಲಾಯಿತು. ಅದೇ ತಿಂಗಳು ನಟ ಉಪೇಂದ್ರ ಮತ್ತು ಪ್ರಿಯಾಂಕಾ ದಂಪತಿಯ ಫೋನುಗಳು ಹ್ಯಾಕ್ ಆದವು. ಮಾಜಿ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರ ಬ್ಯಾಂಕ್ ಖಾತೆಗಳಿಂದ ಸುಮಾರು 3 ಲಕ್ಷ ಮಾಯವಾಯಿತು. ವಿಧಾನಸೌಧದ ಮೆಟ್ಟಿಲು ಹತ್ತಿಳಿದವರ ಮನೆಗೇ ಬಂದವನು ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾನೆಯೇ?

ಇನ್ನೂ ಒಂದು ಪ್ರಕರಣವಿದೆ. ಐ.ಟಿ. ಕಂಪನಿಗಳಲ್ಲಿ ಇರುವ ಮಕ್ಕಳು ಇದನ್ನು ಎರಡು ಸಲ ಓದಬೇಕು. ಬೆಂಗಳೂರಿನ 57 ವರ್ಷದ ಮಹಿಳೆಯೊಬ್ಬರಿಗೆ 2024ರ ಸೆಪ್ಟೆಂಬರ್‌ನಲ್ಲಿ ಕೊರಿಯರ್ ಕಂಪನಿಯ ಹೆಸರಲ್ಲಿ ಒಂದು ಕರೆ ಬಂತು: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ಮುಂದಿನ ತಿಂಗಳುಗಳಲ್ಲಿ ಅವರು 187 ಸಲ ಹಣ ವರ್ಗಾಯಿಸಿದರು. ಒಟ್ಟು 31.83 ಕೋಟಿ ರೂಪಾಯಿ. ಅವರ ಉದ್ಯೋಗ: ಸಾಫ್ಟ್‌ವೇರ್ ಎಂಜಿನಿಯರ್.

187 ಸಲವೂ ಹಣ ಕಳಿಸಿದ್ದು ಖಾತೆಯ ಒಡತಿಯೇ. ಬ್ಯಾಂಕಿನ ಯಂತ್ರದ ಕಣ್ಣಿಗೆ ಅಲ್ಲಿ ಕಳ್ಳತನವೇ ನಡೆದಿಲ್ಲ. ಯಾರೂ ಒಟಿಪಿ ಕೇಳಲಿಲ್ಲ, ಯಾರೂ ಪಾಸ್‌ವರ್ಡ್ ಕದಿಯಲಿಲ್ಲ. ಶೂ ಲೇಸು ಕಟ್ಟುತ್ತ ಹೇಳಿದ ಪಾಠ ಇಲ್ಲಿ ಕೆಲಸಕ್ಕೆ ಬರಲೇ ಇಲ್ಲ.

ಈ ವಂಚನೆಗೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರು ಬಿದ್ದಿದೆ. ನಡೆಯುವ ಬಗೆ ಕಂಪನಿ ನಾಟಕದ ಹಾಗೆ. ಒಬ್ಬೊಬ್ಬ ಪಾತ್ರಧಾರಿ ಒಂದೊಂದು ಅಂಕಕ್ಕೆ ಬರುತ್ತಾನೆ. ಮೊದಲನೆಯವನು ಕೊರಿಯರಿನವನು ಅಥವಾ ಟೆಲಿಕಾಂ ಇಲಾಖೆಯವನು, ಮೃದುಭಾಷಿ. ‘ನಿಮ್ಮ ಆಧಾರ್ ಯಾರೋ ದುರುಪಯೋಗ ಮಾಡಿರಬಹುದು ಸರ್, ಪೊಲೀಸರಿಗೇ ಲೈನ್ ಕೊಡುತ್ತೇನೆ’ ಎಂದು ಉಪಕಾರ ಮಾಡುವವನಂತೆ ಕರೆಯನ್ನು ದಾಟಿಸುತ್ತಾನೆ. ಎರಡನೆಯವನು ಸಮವಸ್ತ್ರದಲ್ಲಿ ವಿಡಿಯೊ ಕರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಿಂದೆ ಪೊಲೀಸ್ ಲಾಂಛನ, ವೈರ್‌ಲೆಸ್ಸಿನ ಕರಕರ ಸದ್ದು. ಆಮೇಲೆ ಸಿ.ಬಿ.ಐ., ಇ.ಡಿ., ಸುಪ್ರೀಂ ಕೋರ್ಟಿನ ಮೊಹರಿರುವ ವಾರಂಟು ವಾಟ್ಸ್ಆ್ಯಪಿಗೆ ಬರುತ್ತದೆ. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಮನೆಯಿಂದ ಹೊರಗೆ ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಕೊನೆಯದು: ಯಾರಿಗೂ ಹೇಳುವಂತಿಲ್ಲ, ಮಕ್ಕಳಿಗಂತೂ ಸುತಾರಾಂ ಹೇಳುವಂತಿಲ್ಲ, ಹೇಳಿದರೆ ಅವರೂ ಆರೋಪಿಗಳಾಗುತ್ತಾರೆ. ಕೊನೆಯ ಅಂಕದಲ್ಲಿ ಎಫ್‌ಡಿ ಮುರಿಸುತ್ತಾರೆ. ‘ಪರಿಶೀಲನೆಗಾಗಿ’ ಹಣವನ್ನು ಸರ್ಕಾರಿ ಖಾತೆಗೆ ಹಾಕಿ, ನಿರಪರಾಧಿ ಎಂದು ಗೊತ್ತಾದ ಮೇಲೆ ವಾಪಸ್ ಬರುತ್ತದೆ ಎನ್ನುತ್ತಾರೆ.

ಲೂಧಿಯಾನದ ವರ್ಧಮಾನ್ ಜವಳಿ ಸಮೂಹದ ಅಧ್ಯಕ್ಷ ಎಸ್.ಪಿ. ಓಸ್ವಾಲ್ ದೊಡ್ಡ ಉದ್ಯಮಿ. 2024ರ ಆಗಸ್ಟ್‌ನಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ, ಅವರು ಹೀಗೆಯೇ 7 ಕೋಟಿ ಕಳಿಸಿದರು. ಅವರಿಗಾಗಿ ವಿಡಿಯೊ ಕರೆಯಲ್ಲಿ ಒಂದು ನಕಲಿ ಸುಪ್ರೀಂ ಕೋರ್ಟ್ ಕಲಾಪವನ್ನೇ ನಡೆಸಲಾಯಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಹೆಸರಿನಲ್ಲಿ ಒಬ್ಬ ಮಾತಾಡಿದ. ಮುಖ ಕಾಣಲಿಲ್ಲ, ಮಾತು ಕೇಳಿಸಿತು, ಸುತ್ತಿಗೆ ಬಡಿದ ಸದ್ದೂ ಕೇಳಿಸಿತು ಎಂದು ಓಸ್ವಾಲ್ ಆಮೇಲೆ ಹೇಳಿದರು. ಸುತ್ತಿಗೆ! ಭಾರತದ ನ್ಯಾಯಾಧೀಶರು ‘ಆರ್ಡರ್ ಆರ್ಡರ್’ ಎಂದು ಸುತ್ತಿಗೆ ಬಡಿಯುವುದು ಸಿನಿಮಾದಲ್ಲಿ ಮಾತ್ರ. ಆದರೆ ಕೋರ್ಟು ಎಂದರೆ ಹೇಗಿರುತ್ತದೆ ಎಂದು ಹೆಚ್ಚಿನವರಿಗೆ ಗೊತ್ತಿರುವುದೇ ಸಿನಿಮಾದಿಂದ. ವಂಚಕರಿಗೆ ಅದು ಚೆನ್ನಾಗಿ ಗೊತ್ತು. ಓಸ್ವಾಲ್ ದೂರು ಕೊಟ್ಟದ್ದರಿಂದ ಸುಮಾರು 5.25 ಕೋಟಿ ವಾಪಸ್ ಸಿಕ್ಕಿತು. ಮುಚ್ಚಿಡದೆ ಊರಿಗೆಲ್ಲ ಹೇಳಿದ್ದು ಅವರು ಮಾಡಿದ ದೊಡ್ಡ ಉಪಕಾರ.

ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದು ಇಲ್ಲ. ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸಲಾಗದು. ಯಾವ ಕೋರ್ಟೂ ಯಾವ ಪೊಲೀಸ್ ಠಾಣೆಯೂ ನಿರಪರಾಧಿತ್ವ ತೋರಿಸಲು ಹಣ ವರ್ಗಾಯಿಸಿ ಎನ್ನುವುದಿಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನೇ ಹೇಳಿದರು. ಅಂದು ಅವರು ದೇಶಕ್ಕೆ ಕೇಳಿಸಿದ ನಕಲಿ ಪೊಲೀಸನ ಕರೆ ಬಂದದ್ದು ವಿಜಯಪುರದ ಒಬ್ಬರಿಗೆ. ಅವರು ಹೆದರುವ ಬದಲು ವಿಡಿಯೊ ರೆಕಾರ್ಡ್ ಮಾಡಿಕೊಂಡಿದ್ದರು. ಅದಾಗಿ ವರ್ಷ ಕಳೆದರೂ ಪಿಡುಗು ನಿಲ್ಲಲಿಲ್ಲ. ಹರಿಯಾಣದ ಅಂಬಾಲಾದ ವೃದ್ಧ ದಂಪತಿ, ತಮ್ಮನ್ನು ನಕಲಿ ಸುಪ್ರೀಂ ಕೋರ್ಟ್ ಆದೇಶ ತೋರಿಸಿ ದೋಚಿದ್ದಾರೆ ಎಂದು ಅಸಲಿ ಸುಪ್ರೀಂ ಕೋರ್ಟಿಗೇ ಪತ್ರ ಬರೆದರು. 2025ರ ಅಕ್ಟೋಬರ್‌ನಲ್ಲಿ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಡಿಸೆಂಬರ್ 1ರಂದು ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆ ತನಿಖೆಗೆ ಕಾಯುವವರು ಉಳಿದಿಲ್ಲ. 80ರ ಆಸುಪಾಸಿನ ಗಂಡ-ಹೆಂಡತಿ, ಮಕ್ಕಳಿರಲಿಲ್ಲ. ದೆಹಲಿಯ ಅಧಿಕಾರಿ ಎಂದು ಹೇಳಿಕೊಂಡವನ ಮಾತಿಗೆ ಹೆದರಿ 50 ಲಕ್ಷಕ್ಕೂ ಹೆಚ್ಚು ಕಳಿಸಿದ್ದರು. ಅಷ್ಟಾದರೂ ಕರೆಗಳು ನಿಲ್ಲಲಿಲ್ಲ. 2025ರ ಮಾರ್ಚ್ ಕೊನೆಯಲ್ಲಿ ಇಬ್ಬರೂ ಜೀವ ಕಳೆದುಕೊಂಡರು. ಯಾರಿಗೂ ಭಾರವಾಗಲು ಇಷ್ಟವಿಲ್ಲದ, ಅಕ್ಕಪಕ್ಕದವರಿಗೆ ಹೇಳಲು ಸಂಕೋಚಪಟ್ಟ ಜೀವಗಳು.

ಅವರಿಗೆ ಮಕ್ಕಳಿರಲಿಲ್ಲ. ಈ ಪತ್ರ ಓದುತ್ತಿರುವವರ ಅಪ್ಪ-ಅಮ್ಮನಿಗೆ ಇದ್ದಾರೆ. ಆದರೆ ಕರೆ ಬಂದ ಆ ಗಳಿಗೆಯಲ್ಲಿ ಮಕ್ಕಳು ಇದ್ದೂ ಇಲ್ಲದಂತೆ ಆಗುವುದು ಯಾಕೆ?

ಬಹಳ ಮನೆಗಳಲ್ಲಿ ಉತ್ತರ ಸರಳವಾಗಿದೆ, ಕೇಳಲು ಹಿತವಾಗಿಲ್ಲ. ಹೋದ ವರ್ಷ ಅಪ್ಪ ತಪ್ಪಾಗಿ ಎರಡು ಸಲ ರೀಚಾರ್ಜ್ ಮಾಡಿದಾಗ ಮಗಳು ‘ಎಷ್ಟ್ ಸಲ ಹೇಳ್ಕೊಡೋದಪ್ಪಾ’ ಎಂದಿದ್ದಳು. ಅಮ್ಮ ಯಾವುದೋ ಸುಳ್ಳು ಸುದ್ದಿಯನ್ನು ಮನೆಯ ಗುಂಪಿಗೆ ಕಳಿಸಿದಾಗ ಅಣ್ಣ-ತಮ್ಮ ಇಬ್ಬರೂ ಸೇರಿ ನಕ್ಕಿದ್ದರು. ಬ್ಯಾಂಕಿನ ಆ್ಯಪ್ ಲಾಕ್ ಆದಾಗ ಮಗ ಫೋನಿನಲ್ಲೇ ಸಿಡುಕಿ, ‘ಬಿಡಿ, ನಾನೇ ಮಾಡ್ತೀನಿ’ ಎಂದಿದ್ದ. ಹಿರಿಯರು ಅಲ್ಲಿಂದ ಒಂದು ಪಾಠ ಕಲಿತರು: ಫೋನಿನಲ್ಲಿ ಏನಾದರೂ ಎಡವಟ್ಟಾದರೆ ಮಕ್ಕಳಿಗೆ ಗೊತ್ತಾಗಬಾರದು. ‘ಯಾರಿಗೂ ಹೇಳಬೇಡಿ’ ಎಂದು ವಂಚಕ ಹೇಳುವ ಹೊತ್ತಿಗೆ ಅದರ ಅರ್ಧ ಕೆಲಸ ಮನೆಯಲ್ಲೇ ಆಗಿರುತ್ತದೆ.

ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಮೊದಲು ಹೇಳಬೇಕಾದ ಮಾತು ಒಟಿಪಿಯದಲ್ಲ. ‘ಯಾರಾದರೂ ನಂಗೆ ಹೇಳಬೇಡಿ ಅಂದರೆ ತಕ್ಷಣ ನಂಗೇ ಫೋನ್ ಮಾಡಿ. ರಾತ್ರಿ ಎರಡಾಗಿರಲಿ, ದುಡ್ಡು ಆಗಲೇ ಹೋಗಿರಲಿ, ಬೈಯೋದಿಲ್ಲ.’ ಡಲ್ಲಾಸಿನಲ್ಲಿ ಇರುವವರು ಊರಿನ ಹಗಲು ತಮಗೆ ನಿದ್ದೆಯ ಹೊತ್ತು ಎಂಬುದನ್ನು ನೆನಪಿಟ್ಟು, ಹತ್ತಿರದ ಬೀದಿಯಲ್ಲಿರುವ ಒಬ್ಬರನ್ನು, ಅತ್ತಿಗೆಯೋ ಮೆಡಿಕಲ್ ಶಾಪಿನ ಹುಡುಗನೋ, ಎರಡನೆಯ ಕರೆಗೆ ಗೊತ್ತುಮಾಡಿಡಬೇಕು.

ಕರೆ ಮಾಡಿದವನಿಗೆ ಅಪ್ಪನ ಪೂರ್ಣ ಹೆಸರು, ಊರು, ಆಧಾರಿನ ಕೊನೆಯ ನಾಲ್ಕು ಅಂಕೆ ಗೊತ್ತಿರುತ್ತದೆ, ಅದಕ್ಕೇ ನಂಬಿಬಿಡುತ್ತಾರೆ. ಅದು ಹೇಗೆ ಗೊತ್ತಾಯಿತು ಎಂದು ಅಚ್ಚರಿಪಡಬೇಕಿಲ್ಲ. 2021ರಲ್ಲಿ ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಮಾಹಿತಿ ಟೆಲಿಗ್ರಾಂನಲ್ಲಿ ಕೇಳಿದವರಿಗೆ ಸಿಗುವಂತಾಯಿತು. ಇವು ಪತ್ರಿಕೆಗೆ ಬಂದವು. ಜೆರಾಕ್ಸ್ ಅಂಗಡಿಯಲ್ಲಿ, ಲಾಡ್ಜಿನಲ್ಲಿ, ಸಿಮ್ ಮಾರುವ ಛತ್ರಿಯ ಕೆಳಗೆ ಕೊಟ್ಟು ಬಂದ ಆಧಾರ್ ಪ್ರತಿಗಳ ಲೆಕ್ಕ ಯಾರ ಬಳಿಯೂ ಇಲ್ಲ. ನಿಮ್ಮ ಹೆಸರು ಗೊತ್ತಿರುವುದು ಅಧಿಕಾರಿ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಹಿರಿಯರಿಗೆ ಬಿಡಿಸಿ ಹೇಳಬೇಕು. ಟ್ರೂಕಾಲರ್ ತೋರಿಸುವ ಹೆಸರೂ ಅಷ್ಟೇ. ಸುಧಾ ಮೂರ್ತಿಯವರಿಗೆ ಬಂದ ಕರೆ ಅಲ್ಲಿ ಟೆಲಿಕಾಂ ಇಲಾಖೆಯದೆಂದೇ ಕಾಣುತ್ತಿತ್ತು.

ಉಪೇಂದ್ರ ಅವರ ಮನೆಯಲ್ಲಿ ಆದದ್ದು ಬೇರೆ ಜಾತಿಯದು, ಅದರಲ್ಲಿ ಹೆದರಿಕೆಯೇ ಇಲ್ಲ. ಆನ್‌ಲೈನ್‌ನಲ್ಲಿ ಏನೋ ಆರ್ಡರ್ ಮಾಡಿದ್ದರು. ಡೆಲಿವರಿ ಹೆಸರಲ್ಲಿ ಒಂದು ಸೂಚನೆ ಬಂತು: ಹ್ಯಾಷ್ ಗುರುತು ಇರುವ ಇಂಥ ಸಂಖ್ಯೆ ಒತ್ತಿ. ಒತ್ತಿದರು. ಸ್ವಲ್ಪ ಹೊತ್ತಿಗೆ ಅವರ ವಾಟ್ಸ್ಆ್ಯಪಿನಿಂದ ಪರಿಚಯದವರಿಗೆಲ್ಲ ‘ತುರ್ತಾಗಿ ದುಡ್ಡು ಬೇಕು’ ಎಂಬ ಸಂದೇಶ ಹೋಗತೊಡಗಿತು. ಸ್ಟಾರ್, ಹ್ಯಾಷ್ ಬೆರೆತ ಇಂಥ ಸಂಖ್ಯೆಗಳು ಬಹಳ ಸಲ ಕಾಲ್ ಫಾರ್ವರ್ಡಿಂಗ್‌ನ ಆದೇಶಗಳು. ಒತ್ತಿದ ಕೂಡಲೇ ನಿಮಗೆ ಬರುವ ಕರೆಗಳು ಕಳ್ಳನ ಫೋನಿಗೆ ತಿರುಗುತ್ತವೆ. ಅವನು ತನ್ನ ಫೋನಿನಲ್ಲಿ ನಿಮ್ಮ ವಾಟ್ಸ್ಆ್ಯಪ್ ತೆರೆಯಲು ಹೋಗಿ, ‘ಕೋಡನ್ನು ಕರೆಯ ಮೂಲಕ ತಿಳಿಸಿ’ ಎನ್ನುತ್ತಾನೆ. ಆ ಕರೆ ಅವನಿಗೇ ಬರುತ್ತದೆ. ಬಿಡಿಸಿಕೊಳ್ಳಲು ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಅದಕ್ಕಿಂತ ಮೊದಲೇ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿಟ್ಟರೆ, ಕೋಡ್ ಸಿಕ್ಕರೂ ಆರು ಅಂಕಿಯ ಪಿನ್ ಇಲ್ಲದೆ ಕಳ್ಳ ಒಳಗೆ ಬರಲಾರ. ಎರಡು ನಿಮಿಷದ ಕೆಲಸ. ಅಂದಹಾಗೆ, ಈ ಪತ್ರ ಓದುತ್ತಿರುವವರ ಸ್ವಂತ ಫೋನಿನಲ್ಲಿ ಅದು ಆಗಿದೆಯೇ?

ಮದುವೆಯ ಕರೆಯೋಲೆ ಈಗ ವಾಟ್ಸ್ಆ್ಯಪಿನಲ್ಲೇ ಬರುತ್ತದೆ. ಅದರ ಜೊತೆ, ಅದೇ ವೇಷದಲ್ಲಿ, ಎ.ಪಿ.ಕೆ. ಎಂಬ ಬಾಲವಿರುವ ಕಡತಗಳೂ ಬರುತ್ತವೆ. ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆ.ವೈ.ಸಿ., ಪಿಎಂ ಕಿಸಾನ್ ಪಟ್ಟಿ, ಹೆಸರು ಏನೇ ಇರಲಿ, ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ, ಒಂದು ಆ್ಯಪ್. ಮುಟ್ಟಿ ಹಾಕಿಕೊಂಡರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಹಿರಿಯರು ಕೇಳಿದ್ದಕ್ಕೆಲ್ಲ ‘ಅಲೌ’ ಒತ್ತುತ್ತಾರೆ. ಆಮೇಲೆ ಒಟಿಪಿಯನ್ನು ಯಾರಿಗೂ ಹೇಳಬೇಕಾಗಿಲ್ಲ, ಫೋನೇ ಹೇಳುತ್ತದೆ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಿಕೊಳ್ಳುವ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿಬಿಡುವುದು ಮಗ-ಮಗಳು ಮಾಡಬೇಕಾದ ಕೆಲಸ. ಅದನ್ನು ಅಪ್ಪನಿಗೆ ಬಿಡಬಾರದು.

ಯುಪಿಐ ಬಗ್ಗೆ ಒಂದೇ ಸಾಲು ನೆನಪಿದ್ದರೂ ಸಾಕು: ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಹಳೆಯ ಮಂಚ ಮಾರಲು ಜಾಹೀರಾತು ಕೊಟ್ಟವರು, ಬಾಡಿಗೆಗೆ ಮನೆ ಇದೆ ಎಂದು ಹಾಕಿದವರು ಬಹಳ ಮಂದಿ ಈ ಒಂದು ಸಾಲಿನ ಮೇಲೆ ಜಾರಿದ್ದಾರೆ. ಒಬ್ಬರು ಇನ್ನೊಬ್ಬರಿಂದ ಹಣ ಕೇಳಿ ಕಳಿಸುವ ‘ಕಲೆಕ್ಟ್’ ಕೋರಿಕೆಯ ಮೂಲಕ ಮೋಸ ಹೆಚ್ಚಿತೆಂದೇ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ವ್ಯಕ್ತಿ-ವ್ಯಕ್ತಿಗಳ ನಡುವೆ ಆ ಸೌಲಭ್ಯವನ್ನೇ ನಿಲ್ಲಿಸಿತು.

ಫೋನೇ ಇಲ್ಲದ ಅಜ್ಜಿಯೂ ಸುರಕ್ಷಿತಳಲ್ಲ ಎಂದು 2023ರಲ್ಲಿ ತಿಳಿಯಿತು. ದಕ್ಷಿಣ ಕನ್ನಡವೂ ಸೇರಿ ರಾಜ್ಯದ ಹಲವು ಕಡೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿಗೆ ಹೆಬ್ಬೆಟ್ಟು ಒತ್ತಿ ಬಂದವರ ಖಾತೆಗಳಿಂದ ಕೆಲವೇ ದಿನಗಳಲ್ಲಿ ದುಡ್ಡು ಹೋಗತೊಡಗಿತು. ನೋಂದಣಿ ಪತ್ರದ ಪ್ರತಿಗಳಲ್ಲಿದ್ದ ಬೆರಳಚ್ಚು, ಅದರ ಜೊತೆಗೇ ಇದ್ದ ಆಧಾರ್ ಸಂಖ್ಯೆ. ಇವೆರಡರಿಂದ ನಕಲಿ ಬೆರಳು ಮಾಡಿ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು. ಅಲ್ಲಿ ಒಟಿಪಿಯ ಪ್ರಶ್ನೆಯೇ ಬರುವುದಿಲ್ಲ. ಎಂ-ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಈ ಬಾಗಿಲು ಮುಚ್ಚುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುವ ಮನೆಯಾದರೆ ಆ ದಿನ ಲಾಕ್ ತೆರೆದು ಮತ್ತೆ ಹಾಕುವ ರಗಳೆ ಇದೆ. ಅದನ್ನು ದೂರದಿಂದಲೇ ಮಾಡಿಕೊಡಬಹುದು.

ಹೂಡಿಕೆಯ ಮೋಸದಲ್ಲಿ ಬೀಳುವವರು ಮಾತ್ರ ಅಪ್ಪಂದಿರಿಗಿಂತ ಹೆಚ್ಚಾಗಿ ಈ ಪತ್ರದ ವಿಳಾಸದಾರರೇ. ನಾರಾಯಣ ಮೂರ್ತಿಯವರು ಯಾವುದೋ ಟ್ರೇಡಿಂಗ್ ಆ್ಯಪನ್ನು ಹೊಗಳುವ ವಿಡಿಯೊಗಳು ಓಡಾಡಿದವು. ಮುಖ ಅವರದೇ, ದನಿಯೂ ಅವರದ್ದರಂತೆಯೇ. ಎಲ್ಲ ಡೀಪ್‌ಫೇಕ್. ತಮಗೂ ಅಂಥ ಆ್ಯಪುಗಳಿಗೂ ಸಂಬಂಧವಿಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಅವರೇ ಬಹಿರಂಗವಾಗಿ ಹೇಳಬೇಕಾಯಿತು. ಆಮೇಲೂ ಬೆಂಗಳೂರಿನಲ್ಲಿ ಅಂಥ ವಿಡಿಯೊ ನಂಬಿ ಹಣ ಕಳೆದುಕೊಂಡವರಿದ್ದಾರೆ. ಮೊದಲ ವಾರ 5,000 ಹಾಕಿದರೆ 6,000 ಬರುತ್ತದೆ, ಬ್ಯಾಂಕಿಗೇ ಜಮೆ ಆಗುತ್ತದೆ. ಆ 1,000 ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಈಗ ಆ ಹಳೆಯ ಫೋನಿನ ವಿಷಯ. ಅದರ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂಬ ಕಡೆ ಒಂದು ದಿನಾಂಕ ಇರುತ್ತದೆ. ಹೆಚ್ಚಿನ ಹಳೆಯ ಫೋನುಗಳಲ್ಲಿ ಅದು ಎರಡು-ಮೂರು ವರ್ಷದ ಹಿಂದಿನದು; ತಯಾರಕರು ಆ ಮಾದರಿಗೆ ದುರಸ್ತಿ ಕಳಿಸುವುದನ್ನು ನಿಲ್ಲಿಸಿರುತ್ತಾರೆ. ಅಂದರೆ ಗೋಡೆಯಲ್ಲಿ ಎಲ್ಲೆಲ್ಲಿ ಬಿರುಕಿದೆ ಎಂದು ಊರಿಗೆಲ್ಲ ಗೊತ್ತು, ಗಾರೆ ಮೆತ್ತುವವರು ಯಾರೂ ಇಲ್ಲ. ಇಂಥ ಅಸಡ್ಡೆಯ ಬೆಲೆ ಎಷ್ಟು ಎಂಬುದಕ್ಕೆ 2017ರ ಮೇ 12ರ ವಾನ್ನಾಕ್ರೈ ದಾಳಿ ಇದೆ. 150ರಷ್ಟು ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಆ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ, ದುರಸ್ತಿ ಕಳಿಸಿಯಾಗಿತ್ತು. ಹಾಕಿಕೊಂಡವರು ಉಳಿದರು. ಮನೆಯಲ್ಲಿ ಎರಡು ಫೋನುಗಳಿದ್ದರೆ, ರೀಲ್ಸ್ ನೋಡಲು ಹಳೆಯದು ಸಾಕು. ಪಿಂಚಣಿ ಬರುವ ಖಾತೆ ಹೊಸ ಅಪ್‌ಡೇಟ್ ಬರುವ ಫೋನಿನಲ್ಲಿರಲಿ. ಹೊಸದು ಅಪ್ಪನಿಗೆ, ಹಳೆಯದು ಮಗನಿಗೆ ಎಂದರೆ ಹೇಗಿರುತ್ತದೆ, ಒಮ್ಮೆ ಯೋಚಿಸಿ.

ಪಾಸ್‌ವರ್ಡ್ ಬಗ್ಗೆ ಉಪದೇಶ ಬೇಕಾದಷ್ಟು ಇದೆ, ಇಲ್ಲಿ ಬೇಡ. ಒಂದು ಮಾತ್ರ: ಇ-ಮೇಲ್ ಖಾತೆ ಉಳಿದೆಲ್ಲ ಬೀಗಗಳ ಬೀಗದ ಕೈ. ಪಾಸ್‌ವರ್ಡ್ ಮರೆತಾಗ ಎಲ್ಲ ಆ್ಯಪುಗಳೂ ಹೊಸದನ್ನು ಕಳಿಸುವುದು ಅಲ್ಲಿಗೇ. ಅಪ್ಪನ ಜಿಮೇಲ್ ಪಾಸ್‌ವರ್ಡ್ ಅವರ ಹೆಸರಿನ ಮುಂದೆ 123 ಆಗಿದ್ದರೆ ಉಳಿದ ಬೀಗಗಳು ಎಷ್ಟು ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಕನ್ನಡದ ನಾಲ್ಕು ಸಂಬಂಧವಿಲ್ಲದ ಮಾತುಗಳನ್ನು ಪೋಣಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಒರಳು-ಜೋಗ-ಕಂಬಳಿ-ಮಂಗಳವಾರ ಅಂತ, ಅಮ್ಮನಿಗೂ ನೆನಪಿರುತ್ತದೆ, ಊಹಿಸುವವನಿಗೂ ಕಷ್ಟ. ಡೈರಿಯಲ್ಲಿ ಬರೆದಿಟ್ಟು ಆ ಬೀರುವಿನಲ್ಲಿ ಇಟ್ಟರೂ ತಪ್ಪಿಲ್ಲ; ಮ್ಯಾನ್ಮಾರಿನವನು ಬೀರು ಒಡೆಯಲು ಬರುವುದಿಲ್ಲ.

ಮ್ಯಾನ್ಮಾರ್ ಎಂದು ಮತ್ತೆ ಮತ್ತೆ ಹೇಳಿದ್ದಕ್ಕೆ ಕಾರಣವಿದೆ. ಜಾರ್ಖಂಡಿನ ಜಾಮ್ತಾಡಾದಿಂದ ಶುರುವಾದ ಕಸುಬು ಈಗ ಥಾಯ್ಲೆಂಡ್ ಗಡಿಯ ಮ್ಯಾವಡಿ, ಕಾಂಬೋಡಿಯಾ, ಲಾವೋಸ್‌ಗಳ ಮುಳ್ಳುತಂತಿ ಬೇಲಿಯ ಆವರಣಗಳಿಗೆ ಹರಡಿದೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲವಂತವಾಗಿ ಈ ಕೆಲಸಕ್ಕೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಡೇಟಾ ಎಂಟ್ರಿ ಕೆಲಸ, ಡಾಲರ್ ಸಂಬಳ ಎಂಬ ಜಾಹೀರಾತು ನಂಬಿ ಹೋದ ಹುಡುಗರು. ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ ಗುರಿ ಮುಟ್ಟದಿದ್ದರೆ ಹೊಡೆತ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಎರಡು ದಿನಗಳಲ್ಲಿ 549 ಮಂದಿಯನ್ನು ಅಲ್ಲಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತಂದಿತು. ಆ ಕಡೆಯಿಂದ ಗದರಿಸುವ ‘ಇನ್‌ಸ್ಪೆಕ್ಟರ್’ ಕೂಡ ಯಾರದೋ ಮನೆಯವರು ದಿನವೂ ಕಾಯುತ್ತಿರುವ ಮಗ ಇರಬಹುದು.

ದೋಚಿದ ದುಡ್ಡು ಇಳಿಯುವುದು ಮಾತ್ರ ಇಲ್ಲೇ, ನಮ್ಮ ಊರುಗಳ ಬ್ಯಾಂಕ್ ಖಾತೆಗಳಲ್ಲಿ. ಅವುಗಳನ್ನು ‘ಮ್ಯೂಲ್’ ಖಾತೆ ಎನ್ನುತ್ತಾರೆ, ಹೇಸರಗತ್ತೆ. ಕಾಲೇಜು ಹುಡುಗರು ಕೆಲವು ಸಾವಿರ ರೂಪಾಯಿಗೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಾರೆ. ಪೊಲೀಸರು ಮೊದಲು ಬರುವುದು ಆ ಹುಡುಗನ ಮನೆಗೇ. ಇಂಥ ಖಾತೆಗಳನ್ನು ಹುಡುಕಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ಇನ್ನೊವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ವ್ಯವಸ್ಥೆಯನ್ನೇ ಕಟ್ಟಿದೆ. ಪಿಯುಸಿ ಓದುವ ತಮ್ಮನಿಗೂ ಈ ವಿಷಯ ತಿಳಿದಿರಲಿ.

ಎಷ್ಟು ಹೇಳಿಕೊಟ್ಟರೂ ಒಂದು ದಿನ ಫೋನು ಬರಬಹುದು. ಅಮ್ಮ ಅಳುತ್ತಿರಬಹುದು. ಆಗ ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳುವ ಐದು ನಿಮಿಷದಲ್ಲಿ ದುಡ್ಡು ಒಂದು ಖಾತೆಯಿಂದ ಹತ್ತು ಖಾತೆಗೆ ಒಡೆದು ಹೋಗಿರುತ್ತದೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಎಷ್ಟು ಹಣ, ಎಷ್ಟು ಹೊತ್ತಿಗೆ, ಯಾವ ಖಾತೆಯಿಂದ, ವಹಿವಾಟಿನ ಸಂಖ್ಯೆ ಏನು, ಇಷ್ಟು ಕೈಯಲ್ಲಿರಬೇಕು. ಅವರು ದಾಖಲಿಸಿದೊಡನೆ ಮುಂದಿನ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಪೊಲೀಸರು ಇದನ್ನು ‘ಗೋಲ್ಡನ್ ಅವರ್’ ಎನ್ನುತ್ತಾರೆ. ಆಗಸ್ಟ್‌ನಲ್ಲಿ 14 ಲಕ್ಷ ಕಳೆದುಕೊಂಡ ಆ ವೈದ್ಯೆ ತಡಮಾಡದೆ ದೂರು ಕೊಟ್ಟರು, ಹಣ ವಾಪಸ್ ಬಂತು. ಸಂಸದರ ಮನೆ ಎಂಬ ಕಾರಣಕ್ಕೆ ಸಿಕ್ಕಿತು ಎನ್ನುವವರಿದ್ದಾರೆ. ಇರಬಹುದು, ಆದರೆ ಮರುದಿನ ಹೇಳಿದ್ದರೆ ಸಂಸದರಿಗೂ ಸಿಗುತ್ತಿತ್ತೇ ಎಂಬುದು ಅನುಮಾನ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಲಿಖಿತ ದೂರು, ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆ, ಬ್ಯಾಂಕಿನ ಶಾಖೆ. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳುತ್ತದೆ. ಹೆಬ್ಬೆಟ್ಟಿನ ಕಳವಿನಂಥ ಪ್ರಕರಣಗಳಲ್ಲಿ ಹಿಡಿದುಕೊಳ್ಳಬೇಕಾದ ಕಾಗದ ಅದು. ಹೆದರಿ ತಾನೇ ಕಳಿಸಿದ ಹಣಕ್ಕೆ ಮಾತ್ರ ಆ ಆಸರೆ ಸಿಗುವುದು ಕಷ್ಟ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಬಸ್ಸಿಗೆ ಎರಡು ಗಂಟೆ ಮೊದಲು ಕೂರುವುದು ಬೇಡ. ಮೊದಲ ದಿನವೇ ಬೆಳಗಿನ ಕಾಫಿಗೆ ಅಪ್ಪನ ಪಕ್ಕ ಕೂತು, ಫೋನನ್ನು ಅವರ ಕೈಯಲ್ಲೇ ಬಿಟ್ಟು, ಒಂದೊಂದೇ ಸೆಟ್ಟಿಂಗನ್ನು ಅವರ ಬೆರಳಿನಿಂದಲೇ ಬದಲಾಯಿಸಿ. ನೀವು ಹುಟ್ಟಿದ ಇಸವಿಯ ಪಿನ್ನಿಗೆ ಅಂದೇ ವಿದಾಯ ಹೇಳಿ. ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಏಕಾದಶಿ ಗುರುತು ಹಾಕಿಟ್ಟಿರುತ್ತಾರೆ. ಅದರ ಮೇಲ್ತುದಿಯಲ್ಲಿ, ಕನ್ನಡಕ ಇಲ್ಲದೆಯೂ ಕಾಣುವಷ್ಟು ದಪ್ಪಗೆ, 1930 ಎಂದು ಬರೆಯಿರಿ. ಅದರ ಕೆಳಗೆ ನಿಮ್ಮ ಫೋನ್ ನಂಬರು.